ಹೊಟ್ಟೆಯಲ್ಲಿ ಮಗು ದಪ್ಪ ಇದೆ ಅಂದಾಗ: ಹೆರಿಗೆಯ ದಾರಿ ಆರಿಸಿಕೊಳ್ಳುವುದು ಹೇಗೆ?

ಒಂಬತ್ತನೇ ತಿಂಗಳ ಸ್ಕ್ಯಾನ್ ಆಗಿರುತ್ತದೆ. ರಿಪೋರ್ಟಿನಲ್ಲಿ ಮಗುವಿನ ತೂಕ ಬರೆದಿರುತ್ತಾರೆ. ಅದನ್ನು ನೋಡಿ ಯಾರಾದರೂ ‘ಮಗು ದಪ್ಪ ಇದೆ, ನಾರ್ಮಲ್ ಆಗುವುದು ಕಷ್ಟ’ ಎಂದುಬಿಟ್ಟರೆ ಮುಗಿಯಿತು. ಅಲ್ಲಿಂದ ಹೆರಿಗೆಯವರೆಗೆ ತಾಯಿಗೆ ನೆಮ್ಮದಿಯ ನಿದ್ದೆ ಇರುವುದಿಲ್ಲ.

ಆಗ ಮುಂದಿರುವುದು ಮೂರು ದಾರಿ. ನೋವು ತಾನಾಗಿ ಬರುವವರೆಗೆ ಕಾಯುವುದು, ಔಷಧ ಕೊಟ್ಟು ನೋವು ಬರಿಸುವುದು, ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿಸಿಕೊಳ್ಳುವುದು. ಯಾವುದು ಸರಿ ಅನ್ನುವುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಆದರೆ ಸ್ಕ್ಯಾನಿನ ತೂಕವೊಂದನ್ನೇ ಹಿಡಿದುಕೊಂಡು ತೀರ್ಮಾನ ಮಾಡುವುದು ತಪ್ಪು ಎಂದು ನಾನು ಖಂಡಿತ ಹೇಳಬಲ್ಲೆ. ತಾಯಿಗೆ ಶುಗರ್ ಇದೆಯಾ, ಹಿಂದಿನ ಹೆರಿಗೆ ಹೇಗಾಗಿತ್ತು, ಆಸ್ಪತ್ರೆ ಎಷ್ಟು ಸಜ್ಜಾಗಿದೆ, ಮುಂದೆ ಇನ್ನೂ ಮಕ್ಕಳು ಬೇಕಾ ಎನ್ನುವ ವಿಷಯಗಳನ್ನು ಆ ತೂಕದ ಜೊತೆಗಿಟ್ಟು ನೋಡಬೇಕು. ಹೇಗೆಂದು ಒಂದೊಂದಾಗಿ ನೋಡೋಣ.

1. ಮೊದಲು ಆ ತೂಕವನ್ನು ಸರಿಯಾಗಿ ಓದಿ

ಸ್ಕ್ಯಾನ್ ಯಂತ್ರ ಮಗುವನ್ನು ತೂಗುವುದಿಲ್ಲ. ತಲೆಯ ಅಳತೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ, ಇಷ್ಟನ್ನು ಅಳೆಯುತ್ತದೆ. ಅವನ್ನು ಒಂದು ಸೂತ್ರಕ್ಕೆ ಹಾಕಿ ತೂಕ ಲೆಕ್ಕ ಹಾಕುತ್ತದೆ. ಹಾಗಾಗಿ ಅದು ಅಂದಾಜು ಮಾತ್ರ. ನಿಜವಾದ ತೂಕಕ್ಕೂ ಅದಕ್ಕೂ ಶೇ. 10ರಿಂದ 15ರಷ್ಟು ವ್ಯತ್ಯಾಸ ಬರುವುದು ಮಾಮೂಲು. 4 ಕೆಜಿ ಎಂದು ಬರೆದಿದ್ದರೆ ಮಗು 3.4 ಕೆಜಿ ಇರಬಹುದು, 4.6 ಕೆಜಿಯೂ ಇರಬಹುದು. ಮಗು ದಪ್ಪ ಇದ್ದಷ್ಟೂ ಈ ಲೆಕ್ಕ ತಪ್ಪುವುದು ಜಾಸ್ತಿ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ ಹೇಳುವ ಅಂದಾಜೂ ಇದಕ್ಕಿಂತ ಪಕ್ಕಾ ಏನಲ್ಲ. ಈಗಾಗಲೇ ಹೆತ್ತಿರುವ ತಾಯಿ ‘ಈ ಮಗು ಹೋದ ಸಲಕ್ಕಿಂತ ದೊಡ್ಡದು’ ಎಂದು ಹೇಳುವ ಅಂದಾಜು ಸ್ಕ್ಯಾನಿನಷ್ಟೇ ಸರಿ ಬರುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ನಿಮಗೆ ಏನನ್ನಿಸುತ್ತದೆ ಎನ್ನುವುದನ್ನೂ ಡಾಕ್ಟರಿಗೆ ಹೇಳಿ.

ದಪ್ಪ ಮಗು ಎಂದರೆ ಎಷ್ಟು? ಹುಟ್ಟಿದಾಗ 4 ಕೆಜಿ ದಾಟಿದರೆ ಎಂದು ಕೆಲವರು ಹೇಳುತ್ತಾರೆ, 4.5 ಕೆಜಿ ದಾಟಿದರೆ ಎಂದು ಕೆಲವರು. ಇನ್ನೊಂದು ಅಳತೆ ಪರ್ಸೆಂಟೈಲ್. ಅದೇ ವಾರದ 100 ಮಕ್ಕಳಲ್ಲಿ 90 ಮಕ್ಕಳಿಗಿಂತ ತೂಕ ಜಾಸ್ತಿ ಇದ್ದರೆ ದಪ್ಪ ಎನ್ನುತ್ತಾರೆ. ನಿಮ್ಮ ಡಾಕ್ಟರ್ ಯಾವ ಅರ್ಥದಲ್ಲಿ ಹೇಳಿದರು ಎಂದು ಕೇಳಿಕೊಳ್ಳಿ. 36ನೇ ವಾರದಲ್ಲಿ 90ನೇ ಪರ್ಸೆಂಟೈಲ್ ದಾಟಿದ ಎಷ್ಟೋ ಮಕ್ಕಳು ಹುಟ್ಟುವಾಗ 4 ಕೆಜಿ ಮುಟ್ಟಿರುವುದೇ ಇಲ್ಲ.

ರಿಪೋರ್ಟಿನಲ್ಲಿ ಇನ್ನೆರಡು ವಿಷಯ ನೋಡಿ. ಒಂದು, ಹೊಟ್ಟೆಯ ಸುತ್ತಳತೆ. ತಲೆಯ ಅಳತೆ ಸಾಧಾರಣ ಇದ್ದು ಹೊಟ್ಟೆ ಮಾತ್ರ ತುಂಬಾ ಮುಂದಿದ್ದರೆ ಶುಗರ್ ಇದೆಯೇನೋ ಎಂದು ಯೋಚಿಸಬೇಕು. ಎಲ್ಲ ಅಳತೆಯೂ ಒಂದೇ ಸಮ ದೊಡ್ಡದಿದ್ದರೆ, ಅಪ್ಪ ಅಮ್ಮ ಎತ್ತರದ ಆಳುಗಳಾಗಿದ್ದರೆ, ಅದು ಆ ಮಗುವಿನ ಮೈಕಟ್ಟೇ ಇರಬಹುದು. ಎರಡು, ಹಿಂದಿನ ಸ್ಕ್ಯಾನಿನ ಅಳತೆ. ಮೊದಲಿನಿಂದಲೂ ಒಂದೇ ಗತಿಯಲ್ಲಿ ಬೆಳೆದಿದೆಯಾ, ಈಚೆಗೆ ದಿಢೀರನೆ ಜಾಸ್ತಿಯಾಗಿದೆಯಾ? ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ನಡುವೆ ಎರಡು ಮೂರು ವಾರವಾದರೂ ಇರಲಿ. ಅದಕ್ಕಿಂತ ಬೇಗ ಮಾಡಿಸಿದರೆ ಕಾಣುವುದು ಅಳತೆಯ ಹೆಚ್ಚುಕಮ್ಮಿ, ಮಗುವಿನ ಬೆಳವಣಿಗೆಯಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ‘ದಪ್ಪ ಮಗು’ ಎಂಬ ಅನುಮಾನ ಬಂದ ತಾಯಂದಿರಲ್ಲಿ ಸಿಸೇರಿಯನ್ ಜಾಸ್ತಿಯಾಗುತ್ತದೆ. ಹುಟ್ಟಿದ ಮಗು ಸಾಧಾರಣ ತೂಕದ್ದೇ ಆಗಿದ್ದರೂ ಹೀಗೆಯೇ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಹೇಳಿವೆ. ಅನುಮಾನ ಬಂದ ಮೇಲೆ ಎಲ್ಲರೂ ಬೇಗ ಹೆದರುತ್ತಾರೆ.

2. ಶುಗರ್ ಇದೆಯಾ ಇಲ್ಲವಾ, ಖಾತ್ರಿ ಮಾಡಿಕೊಳ್ಳಿ

ಇಡೀ ತೀರ್ಮಾನದಲ್ಲಿ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ತಾಯಿಯ ರಕ್ತದಲ್ಲಿ ಶುಗರ್ ಜಾಸ್ತಿ ಇದ್ದರೆ ಅದು ಮಗುವಿಗೂ ಹೋಗುತ್ತದೆ. ಮಗುವಿನ ಮೈಯಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಭುಜ, ಎದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಆದ್ದರಿಂದ ತೂಕ ಒಂದೇ ಇದ್ದರೂ ಶುಗರ್ ಇರುವ ತಾಯಿಯ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ಭುಜ ಒಳಗೇ ಸಿಕ್ಕಿಕೊಳ್ಳುವ ಅಪಾಯ ಜಾಸ್ತಿ.

ಸಾಮಾನ್ಯವಾಗಿ 24ರಿಂದ 28ನೇ ವಾರದ ನಡುವೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಲೆಕ್ಕದಲ್ಲಿ, 75 ಗ್ರಾಂ ಗ್ಲೂಕೋಸ್ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಗರ್ಭಿಣಿಯರ ಶುಗರ್ ಎಂದು ಹಿಡಿಯುತ್ತಾರೆ. ಬೇರೆ ಬೇರೆ ಕಡೆ ಬೇರೆ ಲೆಕ್ಕವೂ ಬಳಕೆಯಲ್ಲಿದೆ. ನಿಮ್ಮ ರಿಪೋರ್ಟ್ ತೆಗೆದು ನೋಡಿ. ಪರೀಕ್ಷೆ ಆಗಿಯೇ ಇಲ್ಲ ಎಂದರೆ ಈಗಲಾದರೂ ಮಾಡಿಸಿ. ಆಗ ಸರಿಯಿತ್ತು, ಈಗ ಮಗು ದಿಢೀರನೆ ಬೆಳೆದಿದೆ, ಹೊಟ್ಟೆಯಲ್ಲಿ ನೀರೂ ಜಾಸ್ತಿ ಇದೆ ಎಂದರೆ ‘ಮತ್ತೊಮ್ಮೆ ಶುಗರ್ ನೋಡಬೇಕಾ?’ ಎಂದು ಕೇಳಿ.

ಶುಗರ್ ಇದೆ ಎಂದು ಗೊತ್ತಾದರೆ ಕಡೆಯ ವಾರಗಳಲ್ಲೂ ಅದನ್ನು ಹತೋಟಿಯಲ್ಲಿಡುವುದರಿಂದ ಲಾಭವಿದೆ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ, ಊಟವಾದ ಒಂದು ಗಂಟೆಗೆ 140ಕ್ಕಿಂತ, ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು ಎನ್ನುವುದು ಹೆಚ್ಚಿನವರು ಇಟ್ಟುಕೊಳ್ಳುವ ಗುರಿ. ಆದರೆ ಮಗುವಿನ ತೂಕ ಇಳಿಸಬೇಕೆಂದು ಊಟ ಬಿಟ್ಟು ಉಪವಾಸ ಮಾಡಬೇಡಿ. ಅದರಿಂದ ತಾಯಿ ಸುಸ್ತಾಗುತ್ತಾಳೆ, ಹೆರಿಗೆಗೆ ಬೇಕಾದ ಶಕ್ತಿಯೇ ಇರುವುದಿಲ್ಲ.

3. ಭಯ ಯಾವುದರದ್ದು ಎಂದು ತಿಳಿದುಕೊಳ್ಳಿ

ದಪ್ಪ ಮಗುವಿನ ಹೆರಿಗೆಯಲ್ಲಿ ಡಾಕ್ಟರುಗಳು ಮುಖ್ಯವಾಗಿ ಹೆದರುವುದು ಮಗುವಿನ ಭುಜಕ್ಕೆ. ತಲೆ ಹೊರಗೆ ಬಂದಿರುತ್ತದೆ, ಮುಂದಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಶೋಲ್ಡರ್ ಡಿಸ್ಟೋಶಿಯಾ ಎನ್ನುತ್ತಾರೆ. ಆಗ ಕೆಲವೇ ನಿಮಿಷಗಳಲ್ಲಿ ಮಗುವನ್ನು ಬಿಡಿಸಿ ತೆಗೆಯಬೇಕು. ತಾಯಿಯ ಎರಡೂ ತೊಡೆಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚಿ ಹಿಡಿಯುತ್ತಾರೆ. ಒಬ್ಬರು ಹೊಟ್ಟೆಯ ಕೆಳಗೆ, ಆ ಮೂಳೆಯ ಮೇಲ್ಭಾಗದಲ್ಲಿ ಒತ್ತಿ ಭುಜ ಸರಿಯುವಂತೆ ಮಾಡುತ್ತಾರೆ. ಬಹಳ ಸಲ ಇಷ್ಟಕ್ಕೇ ಮಗು ಬಂದುಬಿಡುತ್ತದೆ. ಆಗದಿದ್ದರೆ ಕೈ ಹಾಕಿ ಮಗುವಿನ ಹಿಂದಿನ ತೋಳು ತೆಗೆಯುವುದು, ತಾಯಿಯನ್ನು ಮಂಡಿ ಮತ್ತು ಕೈಗಳ ಮೇಲೆ ತಿರುಗಿಸುವುದು ಹೀಗೆ ಬೇರೆ ವಿಧಾನಗಳಿವೆ. ಈ ಹೊತ್ತಿನಲ್ಲಿ ಹೊಟ್ಟೆಯ ಮೇಲ್ಭಾಗ ಒತ್ತಿ ಮಗುವನ್ನು ಕೆಳಗೆ ನೂಕುವುದು ಮಾತ್ರ ತಪ್ಪು. ಭುಜ ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ಇದರಿಂದ ಮಗುವಿನ ತೋಳಿನ ನರಗಳಿಗೆ ಪೆಟ್ಟಾಗಬಹುದು, ಕಾಲರ್ ಮೂಳೆ ಮುರಿಯಬಹುದು. ಮೂಳೆ ಬೇಗ ಕೂಡಿಕೊಳ್ಳುತ್ತದೆ. ನರಗಳ ಪೆಟ್ಟೂ ಹೆಚ್ಚಿನ ಮಕ್ಕಳಲ್ಲಿ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಕೈಯ ಬಲಹೀನತೆ ಕಾಯಂ ಉಳಿಯುತ್ತದೆ. ಉಸಿರು ಕಟ್ಟಿ ಮಿದುಳಿಗೆ ತೊಂದರೆಯಾಗುವುದು, ಜೀವಕ್ಕೆ ಅಪಾಯವಾಗುವುದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ತಾಯಿಗೆ ಹೆರಿಗೆಯ ನಂತರ ರಕ್ತಸ್ರಾವ ಜಾಸ್ತಿಯಾಗಬಹುದು, ಗುದದ್ವಾರದವರೆಗೂ ಸೀಳು ಬೀಳಬಹುದು.

ಇಲ್ಲೊಂದು ತೊಡಕಿದೆ. ಭುಜ ಸಿಕ್ಕಿಕೊಳ್ಳುವ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು 4 ಕೆಜಿಗಿಂತ ಕಡಿಮೆ ತೂಕದವೇ. ದಪ್ಪ ಮಕ್ಕಳಲ್ಲಿ ಹೆಚ್ಚಿನವು ಯಾವ ತೊಂದರೆಯೂ ಇಲ್ಲದೆ ಹುಟ್ಟುತ್ತವೆ. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಒಂದು ಲೆಕ್ಕ ಹಾಕಿದರು. ಶುಗರ್ ಇಲ್ಲದ ತಾಯಂದಿರಲ್ಲಿ ಸ್ಕ್ಯಾನಿನ ಅಂದಾಜು 4.5 ಕೆಜಿ ದಾಟಿದವರಿಗೆಲ್ಲ ಸಿಸೇರಿಯನ್ ಮಾಡುತ್ತ ಹೋದರೆ, ಒಂದೇ ಒಂದು ಮಗುವಿಗೆ ತೋಳಿನ ಕಾಯಂ ಊನ ತಪ್ಪಿಸಲು 3,695 ಸಿಸೇರಿಯನ್ ಬೇಕಾಗುತ್ತದೆ. ಶುಗರ್ ಇರುವ ತಾಯಂದಿರಲ್ಲಿ ಅದೇ ಲೆಕ್ಕ 443ಕ್ಕೆ ಇಳಿಯಿತು. ಶುಗರ್ ವಿಷಯ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

4. ಮೂರೂ ದಾರಿಗಳ ಲಾಭ, ನಷ್ಟ ನೋಡಿ

ಕಾಯುವುದು: ಶುಗರ್ ಇಲ್ಲ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಅಂದಾಜು ತೂಕ 4 ಕೆಜಿಯ ಆಸುಪಾಸಿನಲ್ಲಿದೆ ಎಂದರೆ ಇದು ಒಳ್ಳೆಯ ದಾರಿಯೇ. ಅದರಲ್ಲೂ ಮೊದಲು ಸಹಜ ಹೆರಿಗೆ ಆಗಿದ್ದರೆ ಇನ್ನೂ ಧೈರ್ಯ. ನೋವು ತಾನಾಗಿ ಬಂದರೆ ಔಷಧಗಳು ಕಡಿಮೆ, ಓಡಾಡಿಕೊಂಡು ಇರಬಹುದು. ಕಾಯುತ್ತಿದ್ದಂತೆ ಮಗು ಇನ್ನೂ ಬೆಳೆಯುತ್ತದೆ ಎನ್ನುವುದೇ ಇದರಲ್ಲಿನ ನಷ್ಟ. ಹಾಗಾಗಿ ಎಲ್ಲಿಯವರೆಗೆ ಕಾಯುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ನೋವು ಬರಿಸುವುದು: ಈ ವಿಷಯದಲ್ಲಿ ಜಾಸ್ತಿ ಚರ್ಚೆ ನಡೆದಿದೆ. ಮಗು ಇನ್ನಷ್ಟು ಬೆಳೆಯುವ ಮೊದಲೇ ಹೆರಿಗೆ ಮಾಡಿಸಿದರೆ ಭುಜದ ಅಪಾಯ ಕಡಿಮೆಯಾಗಬೇಕಲ್ವಾ ಎನ್ನುವುದು ಇದರ ಹಿಂದಿನ ಯೋಚನೆ. 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಯುರೋಪಿನ ಅಧ್ಯಯನದಲ್ಲಿ 822 ತಾಯಂದಿರಿದ್ದರು. 37ರಿಂದ 39ನೇ ವಾರದೊಳಗೆ ನೋವು ಬರಿಸಿದವರಲ್ಲಿ ಭುಜ ಸಿಕ್ಕಿಕೊಂಡು ಗಂಭೀರ ತೊಂದರೆಯಾದದ್ದು ಶೇ. 2ರಷ್ಟು, ಕಾದವರಲ್ಲಿ ಶೇ. 6ರಷ್ಟು. ಸಿಸೇರಿಯನ್ ಜಾಸ್ತಿಯಾಗಲಿಲ್ಲ. ಆದರೆ ಬೇಗ ಹುಟ್ಟಿದ ಮಕ್ಕಳಲ್ಲಿ ಕಾಮಾಲೆ ಹೆಚ್ಚು ಕಂಡಿತು.

2025ರಲ್ಲಿ ಬ್ರಿಟನ್ನಿನ ‘ಬಿಗ್ ಬೇಬಿ’ ಅಧ್ಯಯನ ಬಂತು. ಅದರಲ್ಲಿ ಸುಮಾರು 2,900 ತಾಯಂದಿರು, ಯಾರಿಗೂ ಶುಗರ್ ಇರಲಿಲ್ಲ. 38ನೇ ವಾರದಲ್ಲಿ ನೋವು ಬರಿಸುವ ಗುಂಪಿನಲ್ಲಿ ಶೇ. 2.3 ಹೆರಿಗೆಗಳಲ್ಲಿ ಭುಜ ಸಿಕ್ಕಿಕೊಂಡರೆ, ಇನ್ನೊಂದು ಗುಂಪಿನಲ್ಲಿ ಶೇ. 3.1. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಕಾಯುವ ಗುಂಪಿನಲ್ಲಿದ್ದ ಹಲವರಿಗೂ ಬೇರೆ ಕಾರಣಕ್ಕೆ ಬೇಗ ಹೆರಿಗೆಯಾಗಿಬಿಟ್ಟಿತ್ತು. ಹೇಳಿದ ದಿನಕ್ಕೆ ಹೇಳಿದಂತೆ ನಡೆದವರನ್ನು ಮಾತ್ರ ತೆಗೆದುಕೊಂಡಾಗ 2.3 ಮತ್ತು 3.7 ಎಂದಾಯಿತು. ಅಂದರೆ ನೋವು ಬರಿಸುವುದರಿಂದ ಸ್ವಲ್ಪ ಲಾಭ ಇರಬಹುದು. ಆದರೆ ಕಾದರೂ 100ರಲ್ಲಿ 96, 97 ತಾಯಂದಿರಿಗೆ ಈ ತೊಂದರೆ ಬರಲಿಲ್ಲ ಎನ್ನುವುದನ್ನೂ ನೋಡಬೇಕು.

ಅಮೆರಿಕದ ಪ್ರಸೂತಿ ತಜ್ಞರ ಸಂಘದ ನಿಲುವು ಬೇರೆ. ಮಗು ದಪ್ಪ ಎನ್ನುವ ಅನುಮಾನವೊಂದಕ್ಕೇ 39 ವಾರ ತುಂಬುವ ಮೊದಲು ನೋವು ಬರಿಸಬಾರದು ಎನ್ನುತ್ತದೆ. ದೊಡ್ಡ ದೊಡ್ಡ ತಜ್ಞರೇ ಒಂದು ಮಾತಿಗೆ ಬಂದಿಲ್ಲ ಎಂದ ಮೇಲೆ ನಿಮ್ಮ ಇಷ್ಟಕ್ಕೂ ಇಲ್ಲಿ ಬೆಲೆ ಇರಬೇಕು.

ನೋವು ಬರಿಸುವ ಮೊದಲು ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ ಎಂದು ಕೇಳಿ. ಚೆನ್ನಾಗಿ ಹದವಾಗಿದ್ದರೆ ಕೆಲಸ ಸಲೀಸು. ಇನ್ನೂ ಗಟ್ಟಿಯಾಗಿದ್ದರೆ ಜೆಲ್, ಮಾತ್ರೆ ಅಥವಾ ಬಲೂನ್ ಇಟ್ಟು ಹದ ಮಾಡಿ, ಆಮೇಲೆ ಡ್ರಿಪ್ ಹಾಕಬೇಕಾಗುತ್ತದೆ. ಒಂದು ದಿನ ದಾಟಿ ಎರಡನೇ ದಿನಕ್ಕೆ ಹೋಗುವುದೂ ಉಂಟು. ಬೆಳಿಗ್ಗೆ ಸೇರಿದರೆ ಸಂಜೆಗೆ ಮಗು ಬರುತ್ತದೆ ಎಂದುಕೊಂಡು ಹೋದವರು ಸುಮ್ನೆ ಕಂಗಾಲಾಗುತ್ತಾರೆ. ಮನೆಯವರಿಗೂ ಇದನ್ನು ಮೊದಲೇ ಹೇಳಿಡಿ.

ಸಿಸೇರಿಯನ್: ಭುಜದ ಭಯ ಬಹುಮಟ್ಟಿಗೆ ತಪ್ಪುತ್ತದೆ. ಅಮೆರಿಕದ ಅದೇ ಸಂಘದ ಪ್ರಕಾರ, ಅಂದಾಜು ತೂಕ ಶುಗರ್ ಇಲ್ಲದವರಲ್ಲಿ 5 ಕೆಜಿ, ಶುಗರ್ ಇರುವವರಲ್ಲಿ 4.5 ಕೆಜಿ ಮುಟ್ಟಿದಾಗ ಮೊದಲೇ ದಿನ ಇಟ್ಟು ಸಿಸೇರಿಯನ್ ಮಾಡುವ ಬಗ್ಗೆ ಯೋಚಿಸಬಹುದು. ಇದಕ್ಕಿಂತ ಕಡಿಮೆ ಇದ್ದರೂ ತಾಯಿ ಎಲ್ಲ ತಿಳಿದುಕೊಂಡು ಸಿಸೇರಿಯನ್ನೇ ಬೇಕು ಎಂದರೆ ಅದೂ ಒಪ್ಪುವಂಥ ಆಯ್ಕೆ. ಅವಳನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಇದು ಹೊಟ್ಟೆಯ ದೊಡ್ಡ ಆಪರೇಷನ್. ಸೋಂಕು, ರಕ್ತಸ್ರಾವ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕಾಗುವುದು, ಇವೆಲ್ಲ ಲೆಕ್ಕಕ್ಕೆ ಬರಬೇಕು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೆ ಅಂಟಿಕೊಂಡು ಬೆಳೆಯುವ ಅಪಾಯ ಪ್ರತಿ ಸಿಸೇರಿಯನ್ನಿಗೂ ಹೆಚ್ಚುತ್ತ ಹೋಗುತ್ತದೆ. ಇದು ಜೀವಕ್ಕೇ ಬರುವಂಥ ತೊಂದರೆ. ಇನ್ನೂ ಎರಡು ಮೂರು ಮಕ್ಕಳು ಬೇಕು ಎನ್ನುವವರು ಇದಕ್ಕೆ ಹೆಚ್ಚು ಬೆಲೆ ಕೊಡಬೇಕು. ಇದೇ ಕೊನೆಯ ಮಗು ಎನ್ನುವವರಿಗೆ ಇದರ ಭಾರ ಅಷ್ಟಿಲ್ಲ. ಬೇರೆ ತುರ್ತು ಇಲ್ಲದಿದ್ದರೆ ಆಪರೇಷನ್ 39 ವಾರ ತುಂಬಿದ ಮೇಲೆ ಇರಲಿ. ಅದಕ್ಕಿಂತ ಮೊದಲು ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ.

5. ನಿಮ್ಮ ಹಿಂದಿನ ಹೆರಿಗೆಯ ಕಥೆಯನ್ನು ಪೂರ್ತಿ ಹೇಳಿ

ಮೊದಲು 4 ಕೆಜಿ ಮಗುವನ್ನು ಸಲೀಸಾಗಿ ಹೆತ್ತಿದ್ದರೆ ಅದಕ್ಕಿಂತ ಒಳ್ಳೆಯ ಭರವಸೆ ಇನ್ನೊಂದಿಲ್ಲ. ಹೋದ ಸಲ ಭುಜ ಸಿಕ್ಕಿಕೊಂಡಿದ್ದರೆ ಈ ಸಲವೂ ಹಾಗಾಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆಗ ಮಗುವಿಗೆ ಪೆಟ್ಟಾಗಿತ್ತಾ ಎನ್ನುವುದೂ ಮುಖ್ಯ. ಗುದದವರೆಗೆ ಸೀಳು ಬಿದ್ದು ಈಗಲೂ ಮಲ ಅಥವಾ ಗಾಳಿ ತಡೆಯಲು ಆಗುತ್ತಿಲ್ಲ ಎಂದರೆ ನಾಚಿಕೆ ಬಿಟ್ಟು ಹೇಳಿ. ಅದು ತೀರ್ಮಾನವನ್ನೇ ಬದಲಿಸಬಹುದು. ಹಿಂದೆ ಸಿಸೇರಿಯನ್ ಆಗಿದ್ದರೆ, ಮಗು ದಪ್ಪ ಎಂಬ ಒಂದೇ ಕಾರಣಕ್ಕೆ ಸಹಜ ಹೆರಿಗೆಯ ಬಾಗಿಲು ಮುಚ್ಚುವುದಿಲ್ಲ. ಆದರೆ ನೋವು ಬರಿಸುವ ಕೆಲವು ಔಷಧಗಳನ್ನು ಅಂಥವರಿಗೆ ಕೊಡುವಂತಿಲ್ಲ, ಗರ್ಭಕೋಶದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯವಿದೆ.

‘ನೀವು ಕುಳ್ಳಗಿದ್ದೀರಿ, ಸೊಂಟ ಸಣ್ಣದು’ ಎಂಬ ಮಾತು ಕೇಳಿ ಎದೆಗುಂದಬೇಡಿ. ಸೊಂಟದ ಅಳತೆ ತೆಗೆದು ಸಹಜ ಹೆರಿಗೆ ಆಗುತ್ತದೋ ಇಲ್ಲವೋ ಎಂದು ನಂಬುವಂತೆ ಹೇಳಲು ಆಗುವುದಿಲ್ಲ.

6. ಡಾಕ್ಟರ ಮುಂದೆ ಕೂತು ಸಂಖ್ಯೆಯಲ್ಲೇ ಕೇಳಿ

ಬ್ರಿಟನ್ನಿನಲ್ಲಿ 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಮಾಂಟ್‌ಗೊಮೆರಿ ಪ್ರಕರಣ ಎಂದು ಅದು ಹೆಸರಾಗಿದೆ. ಆ ತಾಯಿ ಕುಳ್ಳಗಿದ್ದರು, ಶುಗರ್ ಇತ್ತು, ಮಗು ದಪ್ಪ ಇತ್ತು. ಮಗು ದೊಡ್ಡದಾದರೆ ಹೇಗೆ ಎಂದು ಅವರು ಆತಂಕವನ್ನೂ ಹೇಳಿಕೊಂಡಿದ್ದರು. ಭುಜ ಸಿಕ್ಕಿಕೊಳ್ಳುವ ಅಪಾಯ ಅಂಥವರಿಗೆ ಶೇ. 9ರಿಂದ 10ರಷ್ಟು ಇದ್ದರೂ ಅವರಿಗೆ ಅದನ್ನು ತಿಳಿಸಿರಲಿಲ್ಲ. ತಿಳಿಸಿದರೆ ಸಿಸೇರಿಯನ್ ಕೇಳುತ್ತಾರೆ ಎನ್ನುವುದು ಡಾಕ್ಟರ ಯೋಚನೆಯಾಗಿತ್ತು. 1999ರಲ್ಲಿ ಹೆರಿಗೆಯಾಗುವಾಗ ಭುಜ ಸಿಕ್ಕಿಕೊಂಡು ಮಗುವಿಗೆ ತೀವ್ರ ಅಂಗವೈಕಲ್ಯ ಉಳಿಯಿತು. ತಾಯಿಗೆ ಮುಖ್ಯವೆನಿಸುವ ಅಪಾಯವನ್ನೂ ಬೇರೆ ದಾರಿಗಳನ್ನೂ ಡಾಕ್ಟರ್ ತಿಳಿಸಲೇಬೇಕು ಎಂದು ಕೋರ್ಟು ಹೇಳಿತು. ಕಾನೂನು ಆ ದೇಶದ್ದು. ಆದರೆ ತನ್ನ ಮೈಗೆ, ತನ್ನ ಮಗುವಿಗೆ ಸಂಬಂಧಿಸಿದ್ದನ್ನು ತಿಳಿದುಕೊಳ್ಳುವ ಹಕ್ಕು ಎಲ್ಲ ತಾಯಂದಿರದ್ದೂ ಹೌದು.

ಆದ್ದರಿಂದ ‘ಅಪಾಯ ಇದೆ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

- ನನ್ನಂಥ 100 ತಾಯಂದಿರಲ್ಲಿ ಎಷ್ಟು ಜನಕ್ಕೆ ಈ ತೊಂದರೆ ಆಗಬಹುದು?
- ಕಾದರೆ ಎಲ್ಲಿಯವರೆಗೆ ಕಾಯಬಹುದು? ಯಾವುದು ಕಂಡರೆ ಕಾಯುವುದನ್ನು ನಿಲ್ಲಿಸಬೇಕು?
- ಇವತ್ತು ನೋವು ಬರಿಸಿದರೆ ನನ್ನ ಸ್ಥಿತಿಯಲ್ಲಿ ಸಹಜ ಹೆರಿಗೆಯ ಸಾಧ್ಯತೆ ಎಷ್ಟು?
- ಭುಜ ಸಿಕ್ಕಿಕೊಂಡರೆ ಇಲ್ಲಿ ಯಾರು ನೋಡುತ್ತಾರೆ? ಅದಕ್ಕೆ ಸಿಬ್ಬಂದಿ ಆಗಾಗ ಅಭ್ಯಾಸ ಮಾಡುತ್ತಾರಾ?
- ರಾತ್ರಿ ಹೊತ್ತಿನಲ್ಲೂ ಆಪರೇಷನ್ ಥಿಯೇಟರ್, ಅನಸ್ತೇಶಿಯಾ ಡಾಕ್ಟರ್, ಮಕ್ಕಳ ಡಾಕ್ಟರ್, ರಕ್ತ ಸಿಗುತ್ತದಾ?

ಕೊನೆಯ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ನೋವು ಬರುವ ಮೊದಲೇ ಆಸ್ಪತ್ರೆ ಬದಲಿಸುವುದು ಲೇಸು. ಈ ಒಂದು ವಿಷಯದಲ್ಲಿ ಸಂಕೋಚ ಬೇಡ.

7. ಆರಿಸಿಕೊಂಡ ಮೇಲೂ ಒಂದು ಗೆರೆ ಎಳೆದಿಡಿ

ಸಹಜ ಹೆರಿಗೆ ಎಂದು ತೀರ್ಮಾನಿಸಿದರೆ, ಎಲ್ಲಿಗೆ ಬಂದಾಗ ಸಿಸೇರಿಯನ್ನಿಗೆ ಒಪ್ಪುತ್ತೀರಿ ಎಂದು ಗಂಡ, ಮನೆಯವರು, ಡಾಕ್ಟರ್ ಎಲ್ಲರಿಗೂ ತಿಳಿದಿರಲಿ. ಗಂಟೆಗಟ್ಟಲೆ ಗಟ್ಟಿ ನೋವಿದ್ದೂ ಗರ್ಭಕೋಶದ ಬಾಯಿ ತೆರೆಯುತ್ತಿಲ್ಲ, ಪೂರ್ತಿ ತೆರೆದರೂ ತಲೆ ಕೆಳಗೆ ಇಳಿಯುತ್ತಿಲ್ಲ ಎಂದರೆ ಅದು ಮಗು ಕೊಡುತ್ತಿರುವ ಸೂಚನೆ. ತಲೆ ಇನ್ನೂ ಮೇಲಿರುವಾಗ ವ್ಯಾಕ್ಯೂಮ್ (ಮಗುವಿನ ತಲೆಗೆ ಅಂಟಿಸುವ ಬಟ್ಟಲಿನಂಥ ಸಾಧನ) ಹಾಕಿ ಎಳೆಯುವುದು ದಪ್ಪ ಮಗುವಿನಲ್ಲಿ ಭುಜದ ಅಪಾಯವನ್ನು ಹೆಚ್ಚಿಸುತ್ತದೆ. ‘ವ್ಯಾಕ್ಯೂಮ್ ಹಾಕಬೇಕಾಗಿ ಬಂದರೆ ಏನು ಮಾಡುತ್ತೀರಿ?’ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ನೋವಿನ ಹೊತ್ತಿನಲ್ಲಿ ಬೆನ್ನ ಮೇಲೆ ಅಂಗಾತ ಮಲಗಿಯೇ ಇರಬೇಕೆಂದಿಲ್ಲ. ನಡೆಯಬಹುದು, ಮಗ್ಗುಲಾಗಿ ಮಲಗಬಹುದು, ಮಂಡಿಯೂರಿ ಮುಂದಕ್ಕೆ ಬಾಗಬಹುದು.

ಕಾಯುವ ದಿನಗಳಲ್ಲಿ ಮಗುವಿನ ಓಡಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ಎಂದು ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ. ಶುಗರ್ ಇರುವವರು ಇದರಲ್ಲಿ ಇನ್ನೂ ಹುಷಾರಾಗಿರಬೇಕು.

8. ಮಗು ಹುಟ್ಟಿದ ಮೇಲೆ

ಮಗುವನ್ನು ಮೈಗೆ ಮೈ ತಾಗಿಸಿ ಹಿಡಿದುಕೊಂಡು ಒಂದು ಗಂಟೆಯೊಳಗೆ ಹಾಲು ಕುಡಿಸಿ. ದಪ್ಪ ಮಕ್ಕಳಿಗೆ, ಅದರಲ್ಲೂ ಶುಗರ್ ಇರುವ ತಾಯಂದಿರ ಮಕ್ಕಳಿಗೆ, ಮೊದಲ ಗಂಟೆಗಳಲ್ಲಿ ಶುಗರ್ ದಿಢೀರನೆ ಇಳಿಯಬಹುದು. ಹಿಮ್ಮಡಿ ಚುಚ್ಚಿ ರಕ್ತ ನೋಡುತ್ತಾರೆ, ಗಾಬರಿ ಬೇಡ. ಮಗು ತೀರಾ ಮಂಕಾಗಿದ್ದರೆ, ನಡುಗಿದರೆ, ಹಾಲು ಎಳೆಯದಿದ್ದರೆ ಕೂಡಲೇ ಹೇಳಿ. ಎರಡೂ ಕೈಗಳನ್ನು ಒಂದೇ ಸಮ ಆಡಿಸುತ್ತಿದೆಯಾ ನೋಡಿ. ಒಂದು ಕೈ ಜೋತುಬಿದ್ದಂತಿದ್ದರೆ ಮಕ್ಕಳ ಡಾಕ್ಟರಿಗೆ ಅವತ್ತೇ ತೋರಿಸಿ.

ತಾಯಿಗೆ ರಕ್ತಸ್ರಾವ ಜಾಸ್ತಿಯಾಗುತ್ತಿದೆಯಾ ಎಂದು ಹತ್ತಿರ ಇರುವವರು ಗಮನಿಸುತ್ತಿರಬೇಕು. ಗರ್ಭಿಣಿಯಾಗಿದ್ದಾಗ ಶುಗರ್ ಬಂದಿದ್ದರೆ ಹೆರಿಗೆಯಾದ 6ರಿಂದ 12 ವಾರಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮನೆಗೆ ಹೊರಡುವ ಮುಂಚೆ ಡಿಸ್ಚಾರ್ಜ್ ಚೀಟಿಯಲ್ಲಿ ಮಗುವಿನ ನಿಜವಾದ ತೂಕ, ಹೆರಿಗೆ ಹೇಗಾಯಿತು, ಭುಜ ಸಿಕ್ಕಿಕೊಂಡಿತ್ತಾ, ಸೀಳು ಎಷ್ಟಿತ್ತು, ಸಿಸೇರಿಯನ್ ಆಗಿದ್ದರೆ ಗರ್ಭಕೋಶವನ್ನು ಹೇಗೆ ಕೊಯ್ದರು ಎಂಬುದೆಲ್ಲ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ಡಾಕ್ಟರ್ ಮೊದಲು ಕೇಳುವುದು ಆ ಚೀಟಿಯನ್ನೇ.